ನನ್ನನ್ನು ಬಿಟ್ಟು ಎಪ್ಪತ್ತೊಂದು

ನಾಲ್ಕು ಜನ ಸೇರಿದ ಕಡೆ ಹೋದರೆ ನಾನು ಮೊದಲು ಮಾಡುವ ಕೆಲಸ ತಲೆ ಎಣಿಸುವುದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ. ಮದುವೆಮನೆಯಲ್ಲಿ ಎಲ್ಲರೂ ಹುಡುಗಿಯ ಸೀರೆ ನೋಡುತ್ತಿದ್ದರೆ ನಾನು ಮೂರನೇ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಾರೆ ಎಂದು ನೋಡುತ್ತಿರುತ್ತೇನೆ. ಒಮ್ಮೆ ಸಾವಿನ ಮನೆಯಲ್ಲೂ ಎಣಿಸಿ, ಅದು ತುಟಿಯ ಅಲುಗಾಟದಿಂದ ಹೆಂಡತಿಗೆ ಗೊತ್ತಾಗಿ, ಮನೆಗೆ ಬರುವ ದಾರಿಯುದ್ದಕ್ಕೂ ಬೈಸಿಕೊಂಡಿದ್ದೇನೆ. ನಮ್ಮ ಅಜ್ಜಿಯ ಕಾಲದಲ್ಲಂತೂ ಊಟಕ್ಕೆ ಕೂತವರನ್ನು ಎಣಿಸುವುದು ದೊಡ್ಡ ಅಪರಾಧ. ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಕೈಮೇಲೆ ಹೊಡೆಯುತ್ತಿದ್ದಳು. ಅದೇ ಮೊಮ್ಮಗನಿಗೆ ಸರ್ಕಾರ ಎಣಿಸುವುದಕ್ಕೆಂದೇ ಸಂಬಳ ಕೊಟ್ಟಿತು.

ಇಪ್ಪತ್ತೊಂಬತ್ತು ವರ್ಷ ಈ ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ‘ಚೆಕಿಂಗ್ ಬಂತು’ ಎಂದು ಜನ ಪಿಸುಗುಟ್ಟುತ್ತಾರಲ್ಲ, ಆ ಚೆಕಿಂಗ್. ಬಸ್ಸು ಹತ್ತಿದ ಕೂಡಲೇ ಒಟ್ಟು ಎಷ್ಟು ತಲೆ ಎಂದು ಒಂದೇ ನೋಟಕ್ಕೆ ಎಣಿಸಬೇಕು, ಆಮೇಲೆ ಯಾವ ತಲೆ ಸುಳ್ಳು ಹೇಳುತ್ತಿದೆ ಎಂದು ನೋಡಬೇಕು. ಟಿಕೆಟ್ ಇಲ್ಲದವನು ಕಿಟಕಿಯಾಚೆ ಮರಗಳನ್ನು ಬಹಳ ಪ್ರೀತಿಯಿಂದ ನೋಡುತ್ತಾನೆ. ಇಲ್ಲವೇ ಅವನಿಗೆ ತಟ್ಟನೆ ನಿದ್ದೆ ಬರುತ್ತದೆ. ಐದು ಜೇಬನ್ನೂ ಹುಮ್ಮಸ್ಸಿನಿಂದ ತಡಕುವವನ ಹತ್ತಿರವಂತೂ ಖಂಡಿತ ಟಿಕೆಟ್ ಇರುವುದಿಲ್ಲ. ಹೀಗೆ ವರ್ಷಗಟ್ಟಲೆ ನೋಡಿ ನೋಡಿ, ನಿಜವಾಗಿ ನಿದ್ದೆ ಬಂದವನನ್ನೂ, ನಿಜವಾಗಿ ಮರ ಇಷ್ಟಪಡುವವನನ್ನೂ ನಂಬುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ಹಾಲಿನವನು ನಗುತ್ತಾ ಹಾಲು ಕೊಟ್ಟರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವ ಮನುಷ್ಯ ನಾನು. ಈ ಪ್ರಬಂಧವನ್ನು ನೀವು ಮಧ್ಯದಲ್ಲಿ ಒಂದೆರಡು ಪ್ಯಾರಾ ಹಾರಿಸಿ ಓದುತ್ತೀರಿ ಎಂಬ ಅನುಮಾನವೂ ಇದೆ.

ಇಂಥವನು ಒಂದು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಯಾಗಿದ್ದೇ ಆಶ್ಚರ್ಯ. ಅದಕ್ಕೆ ಕಾರಣ ಖಾದರ್ ಸಾಬ್ರು. ಆರ್.ಟಿ. ನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಅವರ ಟೈಲರ್ ಅಂಗಡಿ. ನನ್ನ ಖಾಕಿ ಪ್ಯಾಂಟುಗಳನ್ನು ಹೊಲಿಯುತ್ತಾ, ಹೊಟ್ಟೆ ಬಂದಂತೆ ಬಿಡಿಸುತ್ತಾ ಸ್ನೇಹವಾದವರು. ವಿದ್ಯಾರಣ್ಯಪುರದ ಆಚೆ, ನಮ್ಮದೇ ಊರಂಚಿನ ಸಿಂಗಾಪುರದ ಕಡೆ, ಕೆರೆಯ ಪಕ್ಕದ ಮೈದಾನದಲ್ಲಿ ಆಡುವ ಒಂದು ಸಣ್ಣ ಕ್ಲಬ್ಬಿಗೆ ಜೆರ್ಸಿ ಹೊಲಿದುಕೊಡುತ್ತಿದ್ದವರೂ ಅವರೇ. ಸಾಸಿವೆ ಹಳದಿ ಬಟ್ಟೆ, ಎದೆಯ ಮೇಲೆ ಅಡ್ಡಲಾಗಿ ಒಂದು ಹಸಿರು ಪಟ್ಟಿ. ತಾವು ಹೊಲಿದದ್ದು ಓಡುವಾಗ ಕಂಕುಳಲ್ಲಿ ಹಿಡಿಯುತ್ತದೋ ಹೇಗೋ ನೋಡಬೇಕೆಂದು ಭಾನುವಾರ ಹೋಗುತ್ತಿದ್ದರು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಮನೆ ಹುಡುಕಿಕೊಂಡು ಬಂದಾರು.

ಮೊದಲ ಭಾನುವಾರವೇ ನಮ್ಮ ಪದ್ಧತಿ ಸ್ಥಿರವಾಯಿತು. ಹೆಬ್ಬಾಳಕ್ಕೆ ಒಂದು ಬಸ್ಸು, ಅಲ್ಲಿಂದ ವಿದ್ಯಾರಣ್ಯಪುರದ ಕಡೆಗೆ ಇನ್ನೊಂದು, ಮಿಕ್ಕ ದಾರಿ ನಡಿಗೆ. ಮೈದಾನದ ಒಂದು ಬದಿಗೆ ಮೂರು ಸಿಮೆಂಟ್ ಮೆಟ್ಟಿಲು, ಅದೇ ಗ್ಯಾಲರಿ. ನಾನು ಹಳೆಯ ಪೇಪರ್ ತರಬೇಕು, ಇಬ್ಬರಿಗೂ ಒಂದೊಂದು ಹಾಳೆ ಹಾಸಬೇಕು. ಅವರು ಬೇಯಿಸಿದ ಕಡಲೆಕಾಯಿ ತರಬೇಕು. ಅರ್ಧ ಆಟಕ್ಕೆ ಸೀಟಿ ಊದಿದಾಗ ನಾನು ಮೈದಾನದ ಸುತ್ತ ಒಮ್ಮೆ ಕಣ್ಣಾಡಿಸಿ ‘ಇವತ್ತು ಇನ್ನೂರ ಮೂವತ್ತು’ ಎಂದೋ ‘ಇನ್ನೂರ ಎಂಟು’ ಎಂದೋ ಹೇಳಬೇಕು, ಅವರು ನಕ್ಕು ತಲೆಯಾಡಿಸಬೇಕು. ಆಫ್‌ಸೈಡ್ ಎಂದರೇನೆಂದು ಅವರು ನನಗೆ ಹದಿನೈದು ಸಲ ಹೇಳಿಕೊಟ್ಟರು. ನನಗಂತೂ ಈಗಲೂ ಅದು ಲೈನ್ಸ್‌ಮನ್ನಿನ ಕಿತಾಪತಿ ಎಂದೇ ಅನುಮಾನ.

ಹೀಗಿರುವಾಗ, ಯಶವಂತಪುರಕ್ಕೆ ಮೆಟ್ರೋ ಬಂದ ಹೊಸತರಲ್ಲಿ, ಕ್ಲಬ್ಬಿಗೆ ಮಾಲೀಕರು ಬಂದರು. ಅಲ್ಲಿಯವರೆಗೆ ಕ್ಲಬ್ಬಿಗೆ ಮಾಲೀಕ ಎಂಬುವನೊಬ್ಬ ಇರಬೇಕೆಂದೇ ನಮಗೆ ಗೊತ್ತಿರಲಿಲ್ಲ. ನಾಲ್ವರು ಹಿರಿಯರ ಕಮಿಟಿಯಿತ್ತು, ಅವರು ಜಗಳವಾಡಿಕೊಂಡು ನಡೆಸುತ್ತಿದ್ದರು. ಹೊಸಬರು ಯಲಹಂಕದ ಆಚೆ ಈಚೆ ಲೇಔಟು ಮಾಡಿ ಸೈಟು ಮಾರುವವರು. ಬಿಳಿ ಬೂಟು ಹಾಕಿಕೊಂಡು ಮೈದಾನಕ್ಕೆ ಬಂದರು. ಮಣ್ಣಿನ ಮೈದಾನಕ್ಕೆ ಬಿಳಿ ಬೂಟಿನಲ್ಲಿ ಬರುವವನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವವನಲ್ಲ ಎಂದು ನಾನು ಅವತ್ತೇ ಖಾದರ್ ಸಾಬ್ರಿಗೆ ಹೇಳಿದೆ. ತಿಂಗಳೊಳಗೆ ಕ್ಲಬ್ಬಿನ ಹೆಸರಿನ ಹಿಂದೆ ಅವರ ಲೇಔಟಿನ ಹೆಸರು ಅಂಟಿಕೊಂಡಿತು. ಮೈದಾನಕ್ಕೆ ಗೇಟು ಬಂತು, ಗೇಟಿಗೆ ಟಿಕೆಟ್ಟು ಬಂತು. ಹುಡುಗರಿಗೆ ಹೊರಗಿನ ಫ್ಯಾಕ್ಟರಿಯಿಂದ ನೇರಳೆ ಜೆರ್ಸಿ ಬಂತು. ಖಾದರ್ ಸಾಬ್ರ ಅಂಗಡಿಯಲ್ಲಿ ಕತ್ತರಿಸಿಟ್ಟಿದ್ದ ಹಳದಿ ಬಟ್ಟೆಯನ್ನು ಯಾರೂ ಕೇಳಲಿಲ್ಲ. ಹದಿನಾಲ್ಕು ವರ್ಷ ಹೊಲಿದವರಿಗೆ, ಇನ್ನು ಬೇಡ ಎಂದು ಬಂದು ಹೇಳಿದವರೂ ಇಲ್ಲ. ನನಗೆ ಕೆಟ್ಟ ಕೋಪ ಬಂತು.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಲು ಅನುಮತಿ ಕೊಡಿ. ಮಾಲೀಕನಿಗೆ ಕನ್ನಡದಲ್ಲಿ ಒಡೆಯ, ಧಣಿ, ಯಜಮಾನ ಎಂದೆಲ್ಲ ಎಷ್ಟು ಮಾತುಗಳು. ಇವುಗಳಲ್ಲಿ ಯಜಮಾನನೇ ಮೇಲು. ಯಜಮಾನನೆಂದರೆ ಯಜ್ಞ ಮಾಡಿಸುವವನು, ಅವನು ತನ್ನ ಮನೆಯ ತುಪ್ಪವನ್ನಾದರೂ ಬೆಂಕಿಗೆ ಹಾಕಲೇಬೇಕಿತ್ತು. ಅಭಿಮಾನಿಯೆಂಬ ಮಾತು ಇನ್ನೂ ವಿಚಿತ್ರ. ವೇದಾಂತಿಗಳ ಪ್ರಕಾರ ಅಭಿಮಾನವೆಂದರೆ ತನ್ನದಲ್ಲದ್ದನ್ನು ತನ್ನದು ಎಂದುಕೊಳ್ಳುವುದು. ದೇಹ ನನ್ನದು, ಮನೆ ನನ್ನದು ಎನ್ನುವ ಭ್ರಮೆ. ಹಾಗಾದರೆ ಮಾಲೀಕನೂ ನನ್ನದು ಎನ್ನುತ್ತಾನೆ, ಅಭಿಮಾನಿಯೂ ನನ್ನದು ಎನ್ನುತ್ತಾನೆ. ಒಬ್ಬನ ಹತ್ತಿರ ಪತ್ರವಿದೆ, ಇನ್ನೊಬ್ಬನ ಹತ್ತಿರ ಗಂಟಲಿದೆ, ಅಷ್ಟೇ. ಇದನ್ನು ನಾನು ಮೈದಾನದ ಎದುರಿನ ಬೇಕರಿಯಲ್ಲಿ ಹೇಳಿದಾಗ ಯಾರೂ ಮೆಚ್ಚಲಿಲ್ಲ.

ಆ ಬೇಕರಿಯಲ್ಲೇ ಸಭೆ ನಡೆದದ್ದು. ಸಭೆ ಕರೆದವನು ರಾಮಾಂಜಿ. ಸಿಂಗಾಪುರ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನದವನು, ಈಗ ವಾಟರ್ ಟ್ಯಾಂಕರ್ ಓಡಿಸುತ್ತಾನೆ. ಚಿಕ್ಕಂದಿನಲ್ಲಿ ಇದೇ ಮೈದಾನದಲ್ಲಿ ಹಸು ಮೇಯಿಸಿದವನು, ಆಮೇಲೆ ಇದೇ ಕ್ಲಬ್ಬಿಗೆ ಬ್ಯಾಕ್ ಆಡಿದವನು. ಮಾಲೀಕನಿಗೆ ಬೇಕಾಗಿರುವುದು ಆಟವಲ್ಲ, ನೆಲ ಎಂಬುದು ಅವನ ವಾದ. ಗ್ಯಾಲರಿ ತುಂಬಿದರೆ ‘ನೋಡಿ, ಜನ ನನ್ನ ಜೊತೆಗಿದ್ದಾರೆ’ ಎನ್ನುತ್ತಾನೆ. ಖಾಲಿ ಹೊಡೆದರೆ ನಾಚಿಕೆಯಾಗಿ ಬಿಟ್ಟು ಹೋಗುತ್ತಾನೆ. ಆದ್ದರಿಂದ ಯಾರೂ ಒಳಗೆ ಹೋಗಬಾರದು. ಒಪ್ಪುವವರು ಕೈ ಎತ್ತಿ ಎಂದ. ನಾನು ಎಗ್ ಪಫ್ಸ್ ಹಿಡಿದಿದ್ದ ಕೈಯನ್ನೇ ಎತ್ತಿದೆ. ಖಾದರ್ ಸಾಬ್ರು ಅವತ್ತು ಸಭೆಯಲ್ಲಿರಲಿಲ್ಲ. ಆದರೆ ನಾನು ಕೈ ಎತ್ತಿದ್ದೇ ಅವರ ಪರವಾಗಿ. ಎಲ್ಲರಿಗಿಂತ ಹೆಚ್ಚು ಅನ್ಯಾಯವಾದದ್ದು ಅವರಿಗೇ ತಾನೇ.

ಮುಂದಿನ ಭಾನುವಾರ ನಾವೊಂದು ಇಪ್ಪತ್ತು ಜನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ಖಾದರ್ ಸಾಬ್ರು ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಬಂದರು, ನನ್ನನ್ನು ನೋಡಿ ಕೈ ಎತ್ತಿದರು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿಬಿಟ್ಟರು.

ಆಟ ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ ಹಿಡಿದುಕೊಂಡು ಯಾಕೆ ಹೋದಿರಿ ಎಂದು ಕೇಳಿದೆ.

“ಹುಡುಗ್ರು ಶರ್ಟ್ ಬದ್ಲಾಯ್ಸಿದ್ದಾರೆ ಸಾರ್, ಕಾಲು ಅದೇ ಅಲ್ವಾ,” ಎಂದರು. “ನೋಡೋರು ಇಲ್ದೆ ಹೋದ್ರೆ ಅವ್ರಾದ್ರೂ ಯಾಕೆ ಓಡ್ತಾರೆ?”

ಮಾತು ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಟಿಕೆಟ್ ಇಲ್ಲದವರ ಮಾತು ಯಾವಾಗಲೂ ಚೆನ್ನಾಗಿರುತ್ತದೆ. ನಾನು, ಅಷ್ಟು ವರ್ಷದ ಚೆಕಿಂಗು, ಅವರ ಮುಖ ನೋಡಿ ಕೇಳಬಾರದ್ದನ್ನು ಕೇಳಿದೆ. “ಜೆರ್ಸಿ ಹೊಲಿಯೋ ಕೆಲ್ಸ ವಾಪಸ್ ಕೊಟ್ರಾ ನಿಮ್ಗೆ?”

ಅವರು ಆಗಷ್ಟೇ ಬಂದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಹೊರಗಿನ ಮರಗಳನ್ನು ನೋಡತೊಡಗಿದರು. ನಾನು ಆ ಬಸ್ಸು ಹತ್ತಲಿಲ್ಲ. ಮರ ನೋಡುವವರನ್ನು ಕಂಡರೆ ನನಗೇನು ಅನಿಸುತ್ತದೆಂದು ಮೊದಲೇ ಹೇಳಿದ್ದೇನೆ. ಅವತ್ತಿನಿಂದ ಪ್ಯಾಂಟು ಬಿಗಿಯಾದರೂ ಹಿಂದಿನ ಬೀದಿಗೆ ಹೋಗಲಿಲ್ಲ, ಒಂದು ಗುಂಡಿ ಬಿಚ್ಚಿಕೊಂಡೇ ಓಡಾಡಿದೆ.

ಬಹಿಷ್ಕಾರ ಎಂದರೆ ಒಗ್ಗಟ್ಟು ಎಂದು ನೀವು ತಿಳಿದಿದ್ದರೆ ಒಮ್ಮೆ ಗೇಟಿನ ಹೊರಗೆ ನಿಂತು ನೋಡಬೇಕು. ಒಳಗಿನವರನ್ನು ನಾವು ಮಾಲೀಕನ ಕಡೆಯವರು ಎಂದೆವು. ಒಳಗಿನವರು ನಮ್ಮನ್ನು ಬೇರೆ ಯಾವುದೋ ಲೇಔಟಿನವನು ಕಳಿಸಿದ ಜನ ಎಂದರು. ಒಂದು ಭಾನುವಾರ ಮಾಲೀಕರು ಒಳಗಿನವರಿಗೆಲ್ಲ ಬಾದಾಮಿ ಹಾಲು ಹಂಚಿಸಿ, ಹೊರಗೆ ನಿಂತ ನಮಗೂ ಒಂದು ಕ್ಯಾನು ಕಳಿಸಿಕೊಟ್ಟರು. ನಮ್ಮ ಗುಂಪು ಅವತ್ತೇ ಎರಡಾಯಿತು. ಕುಡಿದವರು, ಕುಡಿಯದವರು. ಕುಡಿಯದವರಲ್ಲೂ ಮೂವರು ಗಿಡದ ಹಿಂದೆ ಹೋಗಿ ಕುಡಿದರೆಂದು ಸುದ್ದಿ. ನಾನು ಕುಡಿಯಲಿಲ್ಲ. ತತ್ತ್ವಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಇಷ್ಟು ಒಳ್ಳೆಯ ಹಾಲನ್ನು ವಿರೋಧಿಗಳಿಗೆ ಯಾರಾದರೂ ಯಾಕೆ ಕಳಿಸುತ್ತಾರೆ ಎಂದು ಹೆದರಿದ್ದೆ.

ಗೆಲ್ಲುತ್ತಿದ್ದೇವೋ ಸೋಲುತ್ತಿದ್ದೇವೋ ತಿಳಿಯಬೇಕಾದರೆ ಒಳಗೆ ಎಷ್ಟು ಜನ ಇದ್ದಾರೆಂದು ಗೊತ್ತಾಗಬೇಕಲ್ಲ. ರಾಮಾಂಜಿ ನನ್ನ ಕಡೆ ತಿರುಗಿದ. “ಚೆಕಿಂಗ್ ಸಾರ್, ನಿಮ್ದೇ ಕಸುಬು ಇದು. ನೀವೇ ಎಣ್ಸಿ,” ಎಂದ. ಮೊದಲೆರಡು ವಾರ ಗೇಟಿನ ಹತ್ತಿರ ನಿಂತು ಎಣಿಸಿದೆ. ಕೆರೆಯ ಕಡೆ ಗೋಡೆ ಬಿದ್ದಿರುವ ಜಾಗದಿಂದ ನುಗ್ಗುವವರು ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಯಾರೋ ತಕರಾರು ತೆಗೆದರು. ಹಾಗಾದರೆ ಒಳಗೇ ಹೋಗಿ ಎಣಿಸಬೇಕು. ಆದರೆ ಟಿಕೆಟ್ ಕೊಂಡು ಒಳಗೆ ಹೋದರೆ ಬಹಿಷ್ಕಾರ ಮುರಿದಂತೆ. ಬಹಳ ಹೊತ್ತು ಚರ್ಚೆ ನಡೆದು, ಸಾರ್ ಗೋಡೆ ಬಿದ್ದ ಕಡೆಯಿಂದಲೇ ಹೋಗಲಿ ಎಂದು ತೀರ್ಮಾನವಾಯಿತು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ನಾನು, ಸಾವಿರಾರು ಜನರನ್ನು ಟಿಕೆಟ್ಟಿಲ್ಲದೆ ಹಿಡಿದು ಬಸ್ಸಿನಿಂದ ಇಳಿಸಿದವನು, ಪ್ಯಾಂಟಿನ ಗುಂಡಿ ಹಿಡಿದುಕೊಂಡು ಗೋಡೆ ಹಾರಿ ಟಿಕೆಟ್ಟಿಲ್ಲದ ಪ್ರೇಕ್ಷಕನಾದೆ.

ಪ್ರತಿ ಭಾನುವಾರ ಹೀಗೆ ಒಳಗೆ ಹೋಗಿ ಮೆಟ್ಟಿಲಿನ ತುದಿಯಲ್ಲಿ ನಿಂತು ಎಣಿಸುತ್ತಿದ್ದೆ. ಎಣಿಕೆಗೆ ಎರಡು ನಿಮಿಷ ಸಾಕು. ಆದರೆ ಜನ ಬಂದು ಹೋಗುತ್ತಾರೆ, ಖಾತ್ರಿಯಾಗಬೇಕು ಎಂದು ನಾನೇ ಹೇಳಿಕೊಂಡು ಕೊನೆಯ ಸೀಟಿಯವರೆಗೂ ಇರುತ್ತಿದ್ದೆ. ಬಹಿಷ್ಕಾರದ ದೆಸೆಯಿಂದಲೇ ಆಮೇಲೆ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದವನು ನಾನೊಬ್ಬನೇ ಇರಬೇಕು. ಈ ಮನುಷ್ಯ ಎಣಿಸುವುದಕ್ಕೆ ಬರುತ್ತಾನೋ ಆಟ ನೋಡುವುದಕ್ಕೆ ಬರುತ್ತಾನೋ ಎಂದು ಕೊನೆಗೆ ನನ್ನ ಮೇಲೆಯೇ ನನಗೆ ಅನುಮಾನ ಬಂತು. ನನ್ನದೇ ಮುಖವನ್ನು ನಾನು ಹೊರಗಿನಿಂದ ನೋಡಿದ್ದರೆ ಖಂಡಿತ ಟಿಕೆಟ್ ಕೇಳುತ್ತಿದ್ದೆ.

ಖಾದರ್ ಸಾಬ್ರು ಎಂದಿನ ಎರಡನೇ ಮೆಟ್ಟಿಲಲ್ಲೇ ಕೂತಿರುತ್ತಿದ್ದರು. ಈಗ ಪೇಪರನ್ನೂ ಅವರೇ ತರುತ್ತಿದ್ದರು, ಉರ್ದು ಪೇಪರ್. ಒಂದು ಹಾಳೆ ತಮಗೆ ಹಾಸಿಕೊಂಡು ಪಕ್ಕದಲ್ಲಿ ಇನ್ನೊಂದನ್ನು ಹಾಸಿ, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು ಇಡುತ್ತಿದ್ದರು. ಯಾರಿಗಾಗಿ ಹಾಸಿದ್ದಾರೆ ಎಂದು ನಾನು ತುದಿಯಲ್ಲಿ ನಿಂತು ಕಾಯುತ್ತಿದ್ದೆ. ಮಾಲೀಕನ ಕಡೆಯ ಯಾವನೋ ಬರುತ್ತಾನೆ, ಬಟ್ಟೆಯ ಆರ್ಡರ್ ಮಾತಾಡುತ್ತಾನೆ, ಆಗ ಹಿಡಿಯಬಹುದು ಎಂದುಕೊಂಡಿದ್ದೆ. ವಾರಗಟ್ಟಲೆ ಯಾರೂ ಬರಲಿಲ್ಲ. ಬರದೇ ಇರುವುದು ಇನ್ನೂ ಆಳವಾದ ಪಿತೂರಿ ಎಂದು ನನಗನ್ನಿಸಿತು. ಈಗ ಬರೆಯುವಾಗ ಕೈ ತಡೆಯುತ್ತಿದೆ, ಆದರೂ ಹಾಗನ್ನಿಸಿದ್ದು ನಿಜ.

ಬೇಕರಿಯ ಬಾಗಿಲಲ್ಲಿ ಒಂದು ಕಪ್ಪು ಹಲಗೆಯಿತ್ತು. ‘ಬಿಸಿ ದಿಲ್‌ಪಸಂದ್ ಸಿಗುತ್ತದೆ’ ಎಂದು ಬರೆದಿರುತ್ತಿದ್ದ ಅದರ ಕೆಳಗೆ ರಾಮಾಂಜಿ ನನ್ನ ಎಣಿಕೆಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನೂರ ಅರವತ್ತಾಯಿತು, ನೂರ ಇಪ್ಪತ್ತಾಯಿತು, ಒಂದು ಭಾನುವಾರ ಎಪ್ಪತ್ತೊಂದಕ್ಕೆ ಇಳಿಯಿತು. ಅವತ್ತು ರಾಮಾಂಜಿ ಎಲ್ಲರಿಗೂ ಖಾರ ಬನ್ ಕೊಡಿಸಿದ.

ನಾಲ್ಕು ದಿನಕ್ಕೆ ಗೇಟಿನ ಮೇಲೆ ಮಾಲೀಕರ ನೋಟೀಸು ಬಂತು. ಕಳೆದ ಪಂದ್ಯಕ್ಕೆ ಬಂದವರು ಕೇವಲ ಎಪ್ಪತ್ತೊಂದು ಮಂದಿ. ಸಾರ್ವಜನಿಕರಿಗೆ ಆಸಕ್ತಿ ಇಲ್ಲದಿರುವುದರಿಂದ ಬರುವ ಭಾನುವಾರದ ಪಂದ್ಯವೇ ಕೊನೆಯದು, ಆಮೇಲೆ ತಂಡವನ್ನು ವಿಸರ್ಜಿಸಿ ಮೈದಾನವನ್ನು ‘ಅಭಿವೃದ್ಧಿ’ಗೆ ಬಳಸಲಾಗುವುದು. ಖಾಲಿ ಗ್ಯಾಲರಿ ನೋಡಿ ಅವರು ನಾಚಿಕೆಪಡುತ್ತಾರೆ ಎಂದುಕೊಂಡಿದ್ದೆವು. ಅವರು ಅದಕ್ಕೇ ಕಾದು ಕೂತಿದ್ದರು.

ಭಾನುವಾರ ಪಂದ್ಯಕ್ಕೆ ಮುಂಚೆ ಬೇಕರಿಯ ಮುಂದೆ ದೊಡ್ಡ ಗಲಾಟೆ. ಎಪ್ಪತ್ತೊಂದು ನಮ್ಮ ಲೆಕ್ಕ, ಅದನ್ನು ಒಳಗೆ ಮುಟ್ಟಿಸಿದವರು ಯಾರು? ಬಾದಾಮಿ ಹಾಲು ಕುಡಿದವರ ಮೇಲೆ ಕುಡಿಯದವರು ಬಿದ್ದರು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ರಾಮಾಂಜಿ ಕೂಗಾಡಲಿಲ್ಲ, ತಣ್ಣಗೆ ಕೇಳಿದ. “ಸಾರ್, ವಾರವಾರ ಒಳಿಕ್ಕೋಗಿ ಕೊನೇಗಂಟ ಇರ್ತಿದ್ರಿ. ಇಂಗ್ಯಾಕ್ ಮಾಡುದ್ರಿ?” ನಾನು ತಡವರಿಸಿದೆ. ಎಷ್ಟು ಜನ ನನ್ನೆದುರು ಹೀಗೆ ತಡವರಿಸಿದ್ದರು, ಅವರಲ್ಲಿ ಎಷ್ಟು ಮಂದಿಯ ಟಿಕೆಟ್ಟು ನಿಜವಾಗಿಯೂ ಗಾಳಿಗೆ ಹಾರಿಹೋಗಿತ್ತೋ ಎಂದು ಅವತ್ತು ಮೊದಲ ಸಲ ಯೋಚಿಸಿದೆ.

ಆಗ ಗೇಟಿನ ಕಡೆಗೆ ಹೋಗುತ್ತಿದ್ದ ಖಾದರ್ ಸಾಬ್ರು ರಸ್ತೆ ದಾಟಿ ನಮ್ಮ ಹತ್ತಿರ ಬಂದರು. ಆರು ತಿಂಗಳಲ್ಲಿ ಅವರು ಬೇಕರಿಗೆ ಕಾಲಿಟ್ಟದ್ದು ಅದೇ ಮೊದಲು.

“ಸಾರ್ ಯಾರಿಗೂ ಹೇಳಿಲ್ಲಪ್ಪ,” ಎಂದರು. “ಅವತ್ತು ಒಳ್ಗಡೆ ಇದ್ದಿದ್ದು ಎಪ್ಪತ್ತೆರಡು ಜನ. ಎಪ್ಪತ್ತೊಂದು ಅಂತ ಎಣ್ಸೋರು ಇವ್ರೊಬ್ರೇ. ಮಾಲೀಕ್ರಿಗೆ ಅದು ಸಿಕ್ಕಿದ್ದು ಇಲ್ಲಿಂದ.” ಕಪ್ಪು ಹಲಗೆಯ ಕಡೆ ಬೆರಳು ತೋರಿಸಿದರು. ದಿಲ್‌ಪಸಂದಿನ ಕೆಳಗೆ ನಮ್ಮ ಎಪ್ಪತ್ತೊಂದು ರಸ್ತೆಗೆ ಮುಖ ಮಾಡಿಕೊಂಡು ಇನ್ನೂ ಹಾಗೇ ಇತ್ತು. ವಾರವಿಡೀ ಬನ್ನು ಬ್ರೆಡ್ಡಿಗೆ ಬಂದವರೆಲ್ಲ ಅದನ್ನು ಓದಿದ್ದರು. ಒಬ್ಬರನ್ನೊಬ್ಬರು ಅಷ್ಟು ಅನುಮಾನಿಸಿದ ನಾವು ಯಾರೂ ಹಲಗೆಯನ್ನು ಅನುಮಾನಿಸಿರಲಿಲ್ಲ.

ನನಗೆ ಮಾತ್ರ ಬೇರೆ ಚಿಂತೆ. ನನ್ನ ಎಣಿಕೆ ತಪ್ಪುವುದೆಂದರೇನು? ಎಪ್ಪತ್ತೆರಡನೆಯವನು ಯಾರು ಎಂದು ಸ್ವಲ್ಪ ಕೋಪದಿಂದಲೇ ಕೇಳಿದೆ.

“ನೀವೇ ಸಾರ್,” ಎಂದರು ಖಾದರ್ ಸಾಬ್ರು. “ಇಷ್ಟ್ ವರ್ಷ ಪಕ್ದಲ್ಲಿ ಕೂತು ನಿಮ್ ಲೆಕ್ಕ ಕೇಳಿದೀನಿ. ಒಂದಿನಾನೂ ನಿಮ್ಮನ್ನ ಸೇರ್ಸ್ಕೊಂಡಿಲ್ಲ ನೀವು. ನಾನೇ ಒಂದು ಸೇರ್ಸ್ಕೋತಿದ್ದೆ.”

ಇದು ನಮ್ಮ ಕಸುಬಿನವರಿಗೆ ಮಾತ್ರ ಬರುವ ರೋಗ. ಬಸ್ಸಿನಲ್ಲಿ ತಪಾಸಣೆಯವನು ಪ್ರಯಾಣಿಕನಲ್ಲ. ಅವನು ಎಲ್ಲರನ್ನೂ ಎಣಿಸಿ ತನ್ನನ್ನು ಬಿಟ್ಟು ಬರೆಯಬೇಕು, ಅದೇ ಸರಿಯಾದ ಲೆಕ್ಕ. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಮೈದಾನದಲ್ಲಿ ಎಲ್ಲ ಕಡೆಯೂ ನಾನು ಹಾಗೇ ಎಣಿಸಿಕೊಂಡು ಬಂದಿದ್ದೆ. ಎಲ್ಲರ ಮೇಲೂ ಅನುಮಾನಪಡುವ ಹಕ್ಕು ನನಗೆ ಎಲ್ಲಿಂದ ಬಂದಿತ್ತೆಂದು ಆಗ ಗೊತ್ತಾಯಿತು. ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲವಲ್ಲ. ಆ ಎರಡನೇ ಹಾಳೆ ಯಾರಿಗೆಂದು ಕೂಡ ಆಗಲೇ ಹೊಳೆಯಿತು. ಇಷ್ಟು ತಿಂಗಳು ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲು ಇಟ್ಟುಕೊಂಡು ಕೂತಿದ್ದ ಮನುಷ್ಯನಿಗೆ ನಾನು ಬಸ್ ಸ್ಟಾಪಿನಲ್ಲಿ ಏನು ಕೇಳಿದ್ದೆ ಎಂದು ನೆನೆದು, ಬೇಕರಿಯ ಮುಂದೆ ಅಷ್ಟು ಜನರ ನಡುವೆ ನನ್ನ ಕಣ್ಣು ತುಂಬಿತು. ತಪ್ಪಾಯಿತು ಎಂದೆ. ಅವರು ಕೇಳಿಸದವರಂತೆ ಟಿಕೆಟ್ ಕೌಂಟರಿನ ಕಡೆ ನಡೆದರು. ಅವರ ಹಿಂದೆಯೇ ನಾನೂ ಹೋಗಿ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡೆ. ತಿರುಗಿ ನೋಡಿದರೆ ಬೇಕರಿಯ ಮುಂದಿದ್ದವರೂ ಒಬ್ಬೊಬ್ಬರಾಗಿ ಬಂದು ಸಾಲಿಗೆ ಸೇರುತ್ತಿದ್ದರು. ರಾಮಾಂಜಿಯೊಬ್ಬ ಬರಲಿಲ್ಲ. ಅವನ ನೆಲದ ಅನುಮಾನ ಸುಳ್ಳಾಗಿರಲಿಲ್ಲ ತಾನೇ. ಆದರೆ ಆಟ ಶುರುವಾದ ಮೇಲೆ ಕೆರೆಯ ಕಡೆಯ ಗೋಡೆಯ ಮೇಲೆ ಒಂದು ಪರಿಚಿತ ತಲೆ ಕಂಡಿತು.

ಅವತ್ತು ನಮ್ಮ ತಂಡ ಸೋತಿತು, ಆದರೆ ಕೊನೆಯ ಪಂದ್ಯವೆಂದು ಇಷ್ಟು ದಿನ ಮನೆಯಲ್ಲೇ ಉಳಿದವರೂ ಬಂದು ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ವಾರ ಗೇಟಿನ ಮೇಲೆ ಹೊಸ ನೋಟೀಸು. ಮಾಲೀಕರ ನಾಯಕತ್ವಕ್ಕೆ ಸಿಕ್ಕ ಅಪಾರ ಜನಬೆಂಬಲವನ್ನು ಕಂಡು ತಂಡವನ್ನು ಮುಂದುವರಿಸಲಾಗುವುದಂತೆ. ಖಾಲಿಯಾದರೂ ಅವರಿಗೇ ಲಾಭ, ತುಂಬಿದರೂ ಅವರದೇ ಹೆಸರು. ಮೈದಾನವಂತೂ ಸದ್ಯಕ್ಕೆ ಉಳಿದಿದೆ. ಸದ್ಯಕ್ಕೆ ಎಂಬ ಮಾತನ್ನು ನಾನು ಯೋಚಿಸಿಯೇ ಬರೆದಿದ್ದೇನೆ, ಏಕೆಂದರೆ ಬಿಳಿ ಬೂಟಿನವರು ಹೋದ ವಾರ ಕೆರೆಯಂಚಿನಲ್ಲಿ ಅಳತೆ ಟೇಪು ಹಿಡಿದ ಇಬ್ಬರ ಜೊತೆ ನಿಂತಿದ್ದರು. ಅವರ ಮೇಲಿನ ಕಣ್ಣನ್ನು ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಈಗ ಮತ್ತೆ ಭಾನುವಾರ ನಾನು ಪೇಪರ್ ಒಯ್ಯುತ್ತೇನೆ, ಅವರು ಕಡಲೆಕಾಯಿ ತರುತ್ತಾರೆ. ನನ್ನ ಪ್ಯಾಂಟುಗಳನ್ನೆಲ್ಲ ಬಿಡಿಸಿಕೊಟ್ಟಿದ್ದಾರೆ. ಅರ್ಧ ಆಟಕ್ಕೆ ಸೀಟಿ ಊದಿದಾಗ ನನ್ನ ತುಟಿ ತನ್ನಷ್ಟಕ್ಕೆ ಅಲುಗಾಡುತ್ತದೆ, ಹಳೆಯ ಚಾಳಿ ಎಲ್ಲಿ ಹೋಗುತ್ತದೆ. ನಾನು ‘ನೂರ ಎಂಬತ್ತು’ ಎನ್ನುತ್ತೇನೆ. ಖಾದರ್ ಸಾಬ್ರು ಕಡಲೆಕಾಯಿ ಸುಲಿಯುತ್ತಾ, ಮೈದಾನದಿಂದ ಕಣ್ಣು ತೆಗೆಯದೆ, “ಮತ್ತೊಂದು ಸಾರ್” ಎನ್ನುತ್ತಾರೆ. ನಾನು ಸೇರಿಸಿಕೊಳ್ಳುತ್ತೇನೆ.